ತಾಮ್ರದ ಹಂಡೆಯ ನೀರು

ದೇಜಪ್ಪ, ಆ ಆರು ಮೀನುಗಳನ್ನು ಕೊಂದವನು ನಾನು. ನಿನ್ನ ಕೈ ಅಲ್ಲ.

ಇಷ್ಟು ಹೇಳಲಿಕ್ಕೆ ನನಗೆ ಐವತ್ತು ವರ್ಷ ಬೇಕಾಯಿತು. ಸಾಯುವ ಹೆದರಿಕೆಯಿಂದ ಹೇಳುತ್ತಿದ್ದೇನೆ ಎಂದು ತಿಳಿಯಬೇಡ — ನನ್ನ ಹಲ್ಲು ಹದಿನೆಂಟು ಇನ್ನೂ ಗಟ್ಟಿ ಉಂಟು, ಚಕ್ಕುಲಿ ಕಚ್ಚಿ ತಿನ್ನುತ್ತೇನೆ. ನಿನ್ನ ಮೇಲೆ ಪ್ರೀತಿ ಹುಟ್ಟಿತು ಎಂದೂ ತಿಳಿಯಬೇಡ. ನಿನ್ನನ್ನು ಕಂಡರೆ ನನಗೆ ಆಗ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಮೊನ್ನೆ ಮಾಣಿಯಲ್ಲಿ ನಿನ್ನ ಮಗಳ ಮನೆ ಒಕ್ಕಲಿನ ದಿನ ನೀನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆಯಲ್ಲ — ಆ ನಿಲುವು ಮಾತ್ರ ನನಗೆ ಒಂದಿಷ್ಟೂ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾಗದ ಬೇರೆಯವರು ಓದಿದರೆ ನಾವಿಬ್ಬರು ಯಾರು ಎಂದು ಗೊತ್ತಾಗಬೇಕಲ್ಲ. ಹೇಳುತ್ತೇನೆ. ನಿನಗೆ ಗೊತ್ತಿದ್ದದ್ದನ್ನೂ ಹೇಳುತ್ತೇನೆ, ಸುಮ್ಮನೆ ಕೇಳು.

ಬೊಂಬಾಯಿಯ ಹಡಗು ಮಂಗಳೂರಿಗೆ ಬರುತ್ತಿದ್ದ ಕಾಲ. ಮೂಡಬಿದ್ರಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ದೂಮಣ್ಣ ಧಣಿಗಳ ಹೋಟೆಲು. ನಾನು ಐತಪ್ಪ, ಬಂಟ್ವಾಳ ಪೇಟೆಯ ಹೊಳೆಬದಿಯಲ್ಲಿ ಹುಟ್ಟಿದವನು; ಆ ಹೋಟೆಲಿನಲ್ಲಿ ಏಳು ವರ್ಷದಿಂದ ಕಾಫಿ ಹಾಕುತ್ತಿದ್ದೆ. ಕಾಫಿಯ ಹೆಸರು ಹೇಳಿ ಜನ ಬರುತ್ತಿದ್ದರು, ಆದರೆ ಕೂರುತ್ತಿದ್ದದ್ದು ನನ್ನ ಕುಶಾಲಿಗೆ, ತಮಾಷೆಗೆ. ಇದು ಬಡಾಯಿ ಅಲ್ಲ. ಬಡಾಯಿಯೇ ಇರಲಿ, ಸುಳ್ಳಲ್ಲ. ಬಿಸಿಲಿಗೆ ಕೊಡೆ ಹಿಡಿದೇ ನಡೆಯುವ ಶಾಲೆಯ ಮಾಸ್ತರರೊಬ್ಬರಿದ್ದರು. ಅವರು ತಿಂಡಿ ತಿನ್ನುವಾಗ ಮಡಚಿದ ಕೊಡೆಯೊಳಗೆ ಅರ್ಧ ಸೇರು ಅವಲಕ್ಕಿ ತುಂಬಿಸಿದವನು ನಾನು. ಬೀದಿಯ ನಡುವೆ ಅವರು ಕೊಡೆ ಬಿಡಿಸಿದಾಗ ತಲೆಯ ಮೇಲೆಲ್ಲ ಅವಲಕ್ಕಿ, ಹಿಂದಿನಿಂದ ನಾಲ್ಕು ಕೋಳಿ. ಕಾರ್ಕಳದ ಬಸ್ಸಿನ ಡ್ರೈವರನಿಗೆ, ಮುಂದಿನ ತಿರುವಿನಲ್ಲಿ ಸಾಹೇಬರು ಲೈಸೆನ್ಸು ನೋಡುತ್ತಿದ್ದಾರೆ ಎಂದು ಹೇಳಿ ಮೂರು ಕಾಫಿ ಕುಡಿಸಿದವನೂ ನಾನೇ. ಜನ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದರು. ನೀನೊಬ್ಬ ನಗುತ್ತಿರಲಿಲ್ಲ.

ನೀನು ವಿಟ್ಲದ ಕಡೆಯವ. ನನಗಿಂತ ಎರಡು ವರ್ಷ ಸಣ್ಣವ, ಹೋಟೆಲಿಗೆ ಸಪ್ಲಾಯರನಾಗಿ ಬಂದು ಎರಡು ವರ್ಷ ಆಗಿತ್ತು. ಉಗುರು ಕತ್ತರಿಸಿ, ಕೈಗೆ ಸೋಪು ಹಾಕಿ, ಹೆಗಲಿಗೆ ಒಗೆದ ಬೈರಾಸು ಹಾಕಿಕೊಂಡು ನಡೆಯುತ್ತಿದ್ದೆ. ನಾನು ಏನಾದರೂ ಹೇಳಿದರೆ ಎಲ್ಲರೂ ನಕ್ಕು ಮುಗಿದ ಮೇಲೆ ನೀನು, “ಆಯ್ತಾ ಐತಪ್ಪಣ್ಣ? ಎರಡು ಕಾಫಿ, ಒಂದು ಸಜ್ಜಿಗೆ ಬಜಿಲ್” ಎನ್ನುತ್ತಿದ್ದೆ. ಅಷ್ಟೇ. ಬೈದಿದ್ದರೆ ಸಹಿಸುತ್ತಿದ್ದೆ. ನನ್ನ ಕುಶಾಲನ್ನು ನೀನು ಬಸ್ಸು ಹೋಗುವವರೆಗೆ ಕಾಯುವ ಹಾಗೆ ಕಾಯುತ್ತಿದ್ದೆ — ಅದನ್ನು ಹೇಗೆ ಸಹಿಸುವುದು?

ಆಮೇಲೆ ಆ ಕನ್ನಡಿ ಪೆಟ್ಟಿಗೆ ಬಂತು.

ಧಣಿಗಳು ತಮ್ಮನನ್ನು ನೋಡಲಿಕ್ಕೆ ಬೊಂಬಾಯಿಗೆ ಹೋಗಿದ್ದವರು, ಅಲ್ಲಿಯ ಇರಾನಿ ಹೋಟೆಲಿನಲ್ಲಿ ಅಂಥದ್ದನ್ನು ನೋಡಿದ್ದರಂತೆ. ಗೋಣಿ ಸುತ್ತಿ, ಬೈಹುಲ್ಲು ತುರುಕಿ ತಂದ ಗಾಜಿನ ತೊಟ್ಟಿ. ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ಆರು ಚಿನ್ನದ ಮೀನು. ದುಡ್ಡಿನ ಗಲ್ಲೆಯ ಪಕ್ಕದ ಕಿಟಕಿಯ ಹತ್ತಿರ, ದಾರಿಯವರಿಗೂ ಕಾಣುವ ಹಾಗೆ ಇಟ್ಟರು. ಇಡೀ ಮೂಡಬಿದ್ರಿ ನೋಡಲಿಕ್ಕೆ ಬಂತು. ನಾನು ಮೀನುಗಳಿಗೆ ಒಂದೊಂದು ಹೆಸರಿಟ್ಟೆ — ದಪ್ಪ ಹೊಟ್ಟೆಯದ್ದಕ್ಕೆ ಪಟೇಲ, ಬಾಯಿ ಮುಚ್ಚದೆ ಇರುವುದಕ್ಕೆ ವಕೀಲ. ಆ ಹತ್ತು ದಿನ ಮೀನು ನನ್ನದೇ ಎನ್ನುವ ಹಾಗಿತ್ತು.

ಹತ್ತೇ ದಿನ. ಬಂದವರೆಲ್ಲ ಗೋಳಿಬಜೆಯ ತುಂಡು, ಅವಲಕ್ಕಿ, ಒಬ್ಬ ಮಹಾನುಭಾವ ಬನ್ಸಿನ ಸಿಪ್ಪೆಯನ್ನೂ ಹಾಕಿದರು. ಕಿಟಕಿಯ ಬಿಸಿಲು ನೇರ ಅದರ ಮೇಲೆ. ನೀರು ಬಸಳೆ ಬೇಯಿಸಿದ ನೀರಿನ ಹಾಗೆ ಹಸುರಾಯಿತು, ಗಾಜಿನ ಒಳಗೆ ಲೋಳೆ ಹತ್ತಿತು, ಗಲ್ಲೆಯ ಹತ್ತಿರ ನಿಂತರೆ ವಾಸನೆ. ಪಟೇಲ ಒಂದು ಬದಿಗೆ ವಾಲಿಕೊಂಡು ತೇಲಲಿಕ್ಕೆ ಶುರುಮಾಡಿದ.

“ಎಂತ ಮಾರಾಯರೇ ಇದು, ಮೀನು ಸಾಕುವುದಾ, ಕೊಟ್ಟಿಗೆ ತೊಳೆದ ನೀರು ಸಾಕುವುದಾ?” ಎಂದು ಒಬ್ಬರು ಗಿರಾಕಿ ಕೇಳಿದರು.

ಧಣಿಗಳ ಮುಖ ಸಣ್ಣದಾಯಿತು. ಆಗ ನೀನು ಮುಂದೆ ಬಂದೆ. “ನಾನೊಮ್ಮೆ ನೋಡ್ತೇನೆ ಧಣೀ” ಎಂದೆ.

ನೋಡಿದೆ. ಅದನ್ನು ನಾನು ಒಪ್ಪಬೇಕು — ನಿನ್ನ ಕೆಲಸದಲ್ಲಿ ಹುಳುಕು ಹುಡುಕುವುದು ನನ್ನ ದಿನದ ಕೆಲಸವಾಗಿತ್ತು, ಸಿಗಲಿಲ್ಲ. ಮೊದಲು ತೊಟ್ಟಿಯನ್ನು ಬಿಸಿಲಿನಿಂದ ಒಳಗೆ ತಂದೆ. ಗಿರಾಕಿಗಳು ತಿಂಡಿ ಹಾಕದ ಹಾಗೆ ಮೇಲೆ ಮಸ್ಲಿನ್ ಬಟ್ಟೆ ಕಟ್ಟಿದೆ. ಒಂದು ಚಿಟಿಕೆ ಆಹಾರ, ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ತಳಕ್ಕೆ ಹೊಳೆಯ ಮರಳು ತಂದು, ನೀರು ಕದಡದವರೆಗೆ ತೊಳೆದು ತೊಳೆದು ಹಾಸಿದೆ. ಎರಡು ದಿನಕ್ಕೊಮ್ಮೆ ರಬ್ಬರಿನ ಕೊಳವೆಯನ್ನು ಬಾಯಲ್ಲಿ ಎಳೆದು ತಳದ ಕಸವನ್ನು ಮಾತ್ರ ಬಾಲ್ದಿಗೆ ಇಳಿಸುತ್ತಿದ್ದೆ. ಪೂರ್ತಿ ನೀರು ಎಂದೂ ತೆಗೆಯಲಿಲ್ಲ. ಮೂರರಲ್ಲಿ ಒಂದು ಪಾಲು ತೆಗೆದು, ಅಷ್ಟೇ ಹೊಸ ನೀರು. ಆ ಹೊಸ ನೀರು ಬಾವಿಯಿಂದ ಸೇದಿದ ಕೂಡಲೇ ಅಲ್ಲ — ಹಿತ್ತಿಲ ಜಗಲಿಯ ದೊಡ್ಡ ಮಣ್ಣಿನ ಮಡಕೆಯಲ್ಲಿ ಒಂದು ದಿನ ತುಂಬಿಸಿಟ್ಟು, ತೊಟ್ಟಿಯ ನೀರಿನಷ್ಟೇ ಹದಕ್ಕೆ ಬಂದ ಮೇಲೆ. ಗಾಜು ಒರೆಸಲಿಕ್ಕೆ ಸೋಪು ಮುಟ್ಟದ ಬೇರೆಯೇ ಬಟ್ಟೆ. ತೊಟ್ಟಿಗೆ ಕೈ ಹಾಕುವ ಮೊದಲು ನಿನ್ನ ಆ ಪ್ರೀತಿಯ ಸೋಪನ್ನೂ ಬಿಟ್ಟು ಬರೀ ನೀರಿನಲ್ಲಿ ಮೊಣಕೈವರೆಗೆ ತೊಳೆಯುತ್ತಿದ್ದೆ.

ನಿನಗೆ ಯಾರು ಕಲಿಸಿದರು? ಯಾರೂ ಇಲ್ಲ. ನೋಡಿ ನೋಡಿ ಕಲಿತೆ. ಎರಡು ವಾರದಲ್ಲಿ ನೀರು ಉಂಟೋ ಇಲ್ಲವೋ ಎನ್ನುವಷ್ಟು ತಿಳಿ. ಪಟೇಲ ಎದ್ದು ಈಜಲಿಕ್ಕೆ ಹತ್ತಿದ.

ಮತ್ತೆ ನನ್ನ ಗತಿ ಏನಾಯಿತು ಗೊತ್ತುಂಟಾ? ಒಂದು ದಿನ ಅವಲಕ್ಕಿಯ ಕಥೆ ಹೇಳುತ್ತಿದ್ದೆ — ಕೋಳಿಗಳು ಬರುವ ಜಾಗಕ್ಕೆ ಬಂದಿದ್ದೆ, ಅಲ್ಲಿ ಯಾರೂ ನಗದೆ ಇದ್ದದ್ದಿಲ್ಲ. ಮುಂದಿನ ಬೆಂಚಿನವರು, “ಶ್! ಅಲ್ಲಿ ನೋಡಿ, ಎರಡು ಮೀನು ಒಟ್ಟಿಗೆ ತಿರುಗಿದವು” ಎಂದರು. ಎಲ್ಲರ ಕುತ್ತಿಗೆ ಆ ಕಡೆ. ನನ್ನ ಕೋಳಿಗಳು ಬಾಯಲ್ಲೇ ಉಳಿದವು. ನೀನು ತೊಟ್ಟಿಯ ಪಕ್ಕ ಕೈ ಒರೆಸುತ್ತ ನಿಂತಿದ್ದೆ. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ — ಇರಲಿ.

ಅದೇ ಬೇಸಿಗೆಯಲ್ಲಿ ಧಣಿಗಳು ನಮ್ಮನ್ನೆಲ್ಲ ಒಲೆಯ ಹತ್ತಿರ ಕರೆದು ಹೇಳಿದರು. ಬೆಳ್ತಂಗಡಿಯಲ್ಲಿ ಇನ್ನೊಂದು ಹೋಟೆಲು ತೆರೆಯುತ್ತಾರೆ. ಜಾಗ ಆಗಿದೆ, ಮುಹೂರ್ತವೂ ನಿಶ್ಚಯ ಆಗಿದೆ. ನಾನು ಬೈರಾಸು ಸರಿಮಾಡಿಕೊಂಡೆ. ಏಳು ವರ್ಷ ಆ ಒಲೆಯ ಹೊಗೆ ಕುಡಿದವನು ನಾನಲ್ಲದೆ ಇನ್ಯಾರು?

“ಬಾಯಿ ಇರುವ ಗಿರಾಕಿಯನ್ನು ಯಾರು ಬೇಕಾದರೂ ನೋಡಿಕೊಳ್ತಾರೆ” ಎಂದರು ಧಣಿಗಳು. “ಬಾಯಿ ಇಲ್ಲದ್ದನ್ನು ನೋಡಿಕೊಂಡವ ದೇಜಪ್ಪ. ಬೆಳ್ತಂಗಡಿ ಅವನಿಗೆ. ಅಲ್ಲಿ ಹಾಲು ಉಕ್ಕಿಸುವುದೂ ಅವನೇ. ಕೈಗುಣ ಉಂಟು ಅವನಿಗೆ.”

“ಮತ್ತೆ ನಾನು ಧಣೀ?” ನನ್ನ ಬಾಯಿಂದ ಜಾರಿತು.

“ನೀನಾ? ನೀನು ಕುಶಾಲು ಮಾಡಿಕೊಂಡು ಇಲ್ಲೇ ಇರು ಮಾರಾಯ. ನೀನು ಹೋದರೆ ಇಲ್ಲಿ ಮಂಗನಾಟ ಆಡುವವ ಯಾರು?”

ಎಲ್ಲರೂ ನಕ್ಕರು. ಪಾತ್ರೆ ತೊಳೆಯುವವರೂ ನಕ್ಕರು. ನೀನು ನಗಲಿಲ್ಲ, ಗೊತ್ತುಂಟು. ನೀನು ನನ್ನ ಮುಖ ನೋಡಿ ತಲೆ ತಗ್ಗಿಸಿದೆ — ಪಾಪ ಎಂದು! ದೇಜಪ್ಪ, ನೀನು ನಕ್ಕಿದ್ದರೆ ಆ ಮೀನುಗಳು ಬದುಕುತ್ತಿದ್ದವೋ ಏನೋ. ಇಲ್ಲ, ಸುಳ್ಳು. ನಿನ್ನ ಮೇಲೆ ಹಾಕಬಾರದು. ನಕ್ಕಿದ್ದರೂ ಕೊಲ್ಲುತ್ತಿದ್ದೆ.

ಹೋಟೆಲು ಮಾತ್ರ ಅಲ್ಲ, ನಿನ್ನ ಮದುವೆಯೂ ಅದರ ಮೇಲೆ ನಿಂತಿತ್ತು ಎಂದು ನನಗೆ ಗೊತ್ತಿತ್ತು. ಕಲ್ಲಡ್ಕದ ಗಿರಿಜಾ. ಹುಡುಗ ಹೋಟೆಲು ನಡೆಸುವವ ಎಂದು ಆದರೆ ಕೊಡುತ್ತೇವೆ ಎಂದಿದ್ದರು ಅವಳ ಅಪ್ಪ. ನೀನೇ ಒಮ್ಮೆ, ಕಾಫಿ ಪುಡಿ ಜರಡಿ ಹಿಡಿಯುವಾಗ, ಅವಳ ಹೆಸರನ್ನು ಎರಡು ಸಲ ಹೇಳಿ ಕಿವಿ ಕೆಂಪು ಮಾಡಿಕೊಂಡಿದ್ದೆ.

ಈಗ ಹಂಡೆಯ ವಿಷಯ.

ನಾನು ಬಂಟ್ವಾಳದಲ್ಲಿ ಎಂಟು ಒಂಬತ್ತು ವರ್ಷದವನಿರುವಾಗ ನೇತ್ರಾವತಿಯ ಬದಿಯಲ್ಲಿ ಸಣ್ಣ ಮೀನು ಹಿಡಿದು, ಅಜ್ಜಿಯ ತಾಮ್ರದ ಚೆಂಬಿನ ನೀರಿಗೆ ಬಿಟ್ಟಿದ್ದೆ. ಅಜ್ಜಿ ನೀರು ಕುಡಿಯಲಿಕ್ಕೆ ಚೆಂಬು ಎತ್ತಿದಾಗ ಮೀನು ಮೂಗಿಗೆ ಹಾರಬೇಕು — ಅದು ಕುಶಾಲು. ಅಜ್ಜಿ ಆ ಚೆಂಬನ್ನು ಬೆಳಿಗ್ಗೆಯಷ್ಟೇ ಹುಣಸೆ ಹುಳಿ ಹಾಕಿ ತಿಕ್ಕಿದ್ದರು. ಅವರು ಎತ್ತುವಷ್ಟರಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಬೆನ್ನಿಗೆ ಪೆಟ್ಟು ಬಿತ್ತು. ನಾನು ಬಿಡುವವನಾ? ಮರುದಿನ ಅದೇ ಹೊಳೆಯ ಮೀನು, ಒಂದು ಚೆಂಬಿಗೆ, ಒಂದು ಮಡಕೆಯ ತುಂಡಿಗೆ. ಮಧ್ಯಾಹ್ನಕ್ಕೆ ಚೆಂಬಿನದು ಸತ್ತಿತ್ತು, ಮಡಕೆಯದು ಓಡಾಡುತ್ತಿತ್ತು. ಹುಳಿ ತಾಮ್ರವನ್ನು ನೀರಿಗೆ ಬಿಡಿಸುತ್ತದೆ, ಮೀನಿಗೆ ಅದು ವಿಷ ಎಂದು ಆಗ ಗೊತ್ತಿರಲಿಲ್ಲ. ಆಗುತ್ತದೆ ಎಂದು ಮಾತ್ರ ಗೊತ್ತಿತ್ತು. ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ತಾಮ್ರದಲ್ಲಿಟ್ಟ ನೀರು ಎಂದರೆ ನಮ್ಮವರಿಗೆ ದೇವರ ನೀರು. ಅದರ ಮೇಲೆ ಯಾರು ಸಂಶಯ ಪಡುತ್ತಾರೆ?

ಬೆಳ್ತಂಗಡಿಯ ಮುಹೂರ್ತಕ್ಕೆ ಹದಿನೈದು ದಿನ ಇರುವಾಗ ನನ್ನ ಕೈಯಲ್ಲಿದ್ದ ಸೌದೆಯ ತುಂಡು ಜಾರಿ ನಿನ್ನ ಮಡಕೆಯ ಮೇಲೆ ಬಿತ್ತು. ಜಾರಿದ್ದಲ್ಲ. ಆಮೇಲೆ ನಾನು ಧಣಿಗಳ ಹೆಂಡತಿ ಲೀಲಕ್ಕನ ಹತ್ತಿರ ಹೋದೆ. ಹೋಟೆಲಿನ ಹಿಂದೆಯೇ ಅವರ ಮನೆ.

“ಲೀಲಕ್ಕ, ದೇವರಿಗೆ ನೀರು ನಾವು ಯಾವುದರಲ್ಲಿ ಇಡುವುದು?”

“ತಾಮ್ರದ್ದರಲ್ಲಿ. ಯಾಕೆ, ನಿನಗೆ ಇವತ್ತು ಭಕ್ತಿ ಬಂತಾ?”

“ಅಲ್ಲ ಅಕ್ಕ, ಈ ಮೀನು ಬಂದ ಮೇಲೆಯೇ ಲಕ್ಷ್ಮಿ ಬಂದದ್ದು ಅಂತ ಧಣಿಗಳು ಹೇಳ್ತಾರೆ. ಅದಕ್ಕೆ ನಾವು ಮಡಕೆಯ ನೀರು ಕೊಡುವುದು. ಅದೂ ಈಗ ಒಡೆಯಿತು. ನನಗೇನೋ ಮನಸ್ಸಿಗೆ ಸಮ ಆಗುವುದಿಲ್ಲ...”

ಲೀಲಕ್ಕ ಸಾಧು ಹೆಂಗಸು. ಮನೆಯ ದೊಡ್ಡ ತಾಮ್ರದ ಹಂಡೆಯನ್ನು ಅವರೇ ಹೊರಗೆ ತರಿಸಿದರು. ನಿನ್ನನ್ನು ಕರೆದರು. ನೀನು ಒಮ್ಮೆ ಹಂಡೆ ನೋಡಿದೆ, ಒಮ್ಮೆ ಒಡೆದ ಮಡಕೆ ನೋಡಿದೆ.

“ಸಂತೆಯ ದಿನ ಹೊಸ ಮಡಕೆ ತರ್ತೇನೆ ಲೀಲಕ್ಕ. ಅಲ್ಲಿವರೆಗೆ ನೀರು ಬದಲಿಸದಿದ್ದರೂ ನಡೀತದೆ” ಎಂದೆ. ಕಾರಣ ನಿನಗೂ ಗೊತ್ತಿರಲಿಲ್ಲ. ಅಭ್ಯಾಸ ಇಲ್ಲದ್ದು ಬೇಡ ಎಂದು ಅಷ್ಟೇ.

ಆಗ ನಾನು ಹೇಳಿದೆ. ಆ ಮಾತು ನನಗೆ ಅಕ್ಷರ ಅಕ್ಷರ ನೆನಪುಂಟು.

“ತಾಮ್ರದ ನೀರು ಕುಡಿದು ನಮ್ಮ ಅಜ್ಜಿ ತೊಂಬತ್ತು ವರ್ಷ ಬದುಕಿದ್ದಾರೆ. ನಿನ್ನ ಮೀನು ಎಂತ, ನಮ್ಮ ಅಜ್ಜಿಗಿಂತ ನಾಜೂಕಾ ಮಾರಾಯ?”

ನೀನು ನಕ್ಕೆ. ಹಲ್ಲು ಕಾಣುವ ಹಾಗೆ, ಹೆಗಲು ಕುಣಿಯುವ ಹಾಗೆ ನಕ್ಕೆ. ಎರಡು ವರ್ಷದಲ್ಲಿ ನನ್ನ ಮಾತಿಗೆ ನೀನು ನಕ್ಕದ್ದು ಅದೊಂದೇ ಸಲ. “ಆಯ್ತು ಐತಪ್ಪಣ್ಣ, ಹಂಡೆಯೇ ಆಗಲಿ” ಎಂದೆ.

ಹಂಡೆ ತಿಕ್ಕಿದ್ದು ನಾನು. ಕೇಳಿ ಪಡೆದುಕೊಂಡ ಕೆಲಸ. ಹೊರಗೆ ಮಾತ್ರವಲ್ಲ, ಒಳಗೂ ಹುಳಿ ಹಾಕಿ, ತಾಮ್ರ ಬೆಂಕಿಯ ಬಣ್ಣ ಬರುವವರೆಗೆ ತಿಕ್ಕಿದೆ. ತೊಳೆಯುವಾಗ ಒಂದೇ ಚೆಂಬು ನೀರು ಆಡಿಸಿ ಚೆಲ್ಲಿದೆ — ಹುಳಿ ಉಳಿಯಲಿ ಎಂದು. ಲೀಲಕ್ಕ ಅದಕ್ಕೆ ಕುಂಕುಮ ಇಟ್ಟರು. ಬಾವಿಯಿಂದ ಹನ್ನೆರಡು ಕೊಡಪಾನ ಸೇದಿ ತುಂಬಿಸಿದವನೂ ನಾನೇ. ಊರಿನ ದೊಡ್ಡ ಸೋಮಾರಿ ಎಂದು ಹೆಸರಿದ್ದವನು ಅವತ್ತು ಬೆವರಿಳಿಸಿ ಕೆಲಸ ಮಾಡಿದೆ. ನೀನು, “ಉಪಕಾರ ಆಯ್ತು ಐತಪ್ಪಣ್ಣ” ಎಂದೆ.

ನಾನು ಎಣಿಸಿದ್ದು ಏನು? ಒಂದೆರಡು ಸಾಯುತ್ತವೆ, ನಿನ್ನ ಹೆಸರು ಸ್ವಲ್ಪ ಕೆಡುತ್ತದೆ, ಧಣಿಗಳು ಮತ್ತೊಮ್ಮೆ ಯೋಚನೆ ಮಾಡುತ್ತಾರೆ ಎಂದು. ಮರುದಿನ ನೀನು ಪದ್ಧತಿಯ ಪ್ರಕಾರ ಮೂರರಲ್ಲಿ ಒಂದು ಪಾಲು ನೀರು ಬದಲಿಸಿದೆ. ಅದರ ಮರುದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡಲಿಕ್ಕೆ ಶುರುಮಾಡಿದವು. ಬಣ್ಣ ಮಾಸಿತು. ನೀರು ಮಾತ್ರ — ಅಯ್ಯೋ, ಅಷ್ಟು ತಿಳಿಯಾದ ನೀರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಲ್ಲಿಂದ ಮುಂದಿನದ್ದೇ ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದು.

ನೀನು ನೀರಿನಲ್ಲಿ ಕಸ ಇರಬೇಕು ಎಂದುಕೊಂಡೆ. ಇನ್ನೊಂದು ಪಾಲು ಬದಲಿಸಿದೆ. ಹಂಡೆಯಿಂದ. ಮೀನು ಇನ್ನೂ ಒದ್ದಾಡಿತು. ಮರಳು ತೆಗೆದು ತೊಳೆದೆ, ಗಾಜು ಒರೆಸಿದೆ, ಮತ್ತೆ ಬದಲಿಸಿದೆ. ಹಂಡೆಯಿಂದ. ನೀನು ಚೊಕ್ಕ ಮಾಡಿದಷ್ಟೂ ಅವು ಬೇಗ ಸಾಯುತ್ತಿದ್ದವು. ಮತ್ತೆ ಆ ನೀರನ್ನು ಕೊಡಪಾನದಲ್ಲಿ ಮೊಗೆದು ನಿನ್ನ ಕೈಗೆ ಕೊಡುತ್ತಿದ್ದವನು ನಾನು, ದೇಜಪ್ಪ. ಮೂರು ಮೀನು ಉಳಿದಿರುವಾಗ ನೀನು ತಿರುಗಿ, “ಐತಪ್ಪಣ್ಣ, ಇನ್ನೂ ಒಂದು ಕೊಡ” ಎಂದೆ. ಅಷ್ಟು ಹೊತ್ತಿಗೆ, ಬಾವಿಯಿಂದ ನೇರ ತರುತ್ತೇನೆ ತಡೆ ಎಂದು ನಾನು ಹೇಳಿದ್ದರೆ ಆ ಮೂರಾದರೂ — ಮಾತು ನಾಲಗೆಯ ತುದಿಯವರೆಗೆ ಬಂತು. ಬಂದದ್ದು ಹೌದು. ಕೊಡಪಾನ ಹಂಡೆಗೆ ಅದ್ದಿ ತುಂಬಿಸಿ ಕೊಟ್ಟೆ.

ಕೊನೆಗೆ ಉಳಿದದ್ದು ಪಟೇಲ. ಬೆಳಗಿನ ಗಿರಾಕಿಗಳೆಲ್ಲ ಕಾಫಿ ಬಿಟ್ಟು ಸುತ್ತ ನಿಂತಿದ್ದರು. ನೀನು ಎರಡೂ ಅಂಗೈ ಬೊಗಸೆ ಮಾಡಿ ನೀರಿನೊಳಗೆ ಹಿಡಿದಿದ್ದೆ. ಅದು ನಿನ್ನ ಬೊಗಸೆಯ ಮೇಲೆ ಒರಗಿಕೊಂಡೇ ಸತ್ತಿತು.

ಧಣಿಗಳು ಗಲ್ಲೆ ಬಿಟ್ಟು ಎದ್ದು ಬಂದರು. ನನ್ನ ಬಾಯಿ ಸುಮ್ಮನಿರುವುದಲ್ಲ.

“ಅದೆಂತ ಕೈಗುಣ ಮಾರಾಯ್ರೆ” ಎಂದೆ. “ಯಮನಿಗೂ ಒಂದೊಂದನ್ನೇ ಕೊಂಡುಹೋಗಿ ಅಭ್ಯಾಸ. ಇವ ಆರನ್ನೂ ಒಟ್ಟಿಗೆ ಕಳಿಸಿದ!”

ಯಾರೋ ಕಿಸಕ್ಕನೆ ನಕ್ಕರು. ಮತ್ತೊಬ್ಬ, ಮತ್ತೊಬ್ಬ. ನೀನು ನೀರಿನಿಂದ ಕೈ ತೆಗೆದು ನೋಡಿಕೊಂಡೆ — ಆಚೆ ಈಚೆ ತಿರುಗಿಸಿ ನೋಡಿಕೊಂಡೆ, ಏನೋ ಅಂಟಿದೆಯೋ ಎನ್ನುವ ಹಾಗೆ.

‘ಯಮನ ಕೈ’ ಎಂಬ ಹೆಸರು ಮಧ್ಯಾಹ್ನಕ್ಕೆ ಬಸ್ಸು ಹತ್ತಿತು. ನಾನು ಇಟ್ಟ ಹೆಸರು ಎಂದೂ ಬಿದ್ದುಹೋಗಲಿಲ್ಲ, ಅದು ನನ್ನ ಹೆಮ್ಮೆ. ವಾರದೊಳಗೆ ಕಲ್ಲಡ್ಕಕ್ಕೆ ಮುಟ್ಟಿತು. ಗಿರಿಜಾಳ ಅಪ್ಪ ಒಂದು ದಿನ ಬಂದು ಧಣಿಗಳ ಹತ್ತಿರ ಹೇಳಿ ಹೋದರು: “ಹುಡುಗ ಒಳ್ಳೆಯವನೇ. ಆದರೆ ಕೈಗುಣ ಇಲ್ಲದವನಿಗೆ ಹೆಣ್ಣು ಕೊಟ್ಟು ನಾಳೆ ಮನೆಯಲ್ಲಿ ಹೆಚ್ಚು ಕಡಿಮೆ ಆದರೆ?” ಧಣಿಗಳಿಗೂ ಅದೇ ಹೆದರಿಕೆ. ಹೊಸ ಹೋಟೆಲಿನ ಹಾಲನ್ನು ನಿನ್ನ ಕೈಯಲ್ಲಿ ಉಕ್ಕಿಸುವುದು ಹೇಗೆ? ಹಾಲು ಒಡೆದರೆ?

ಬೆಳ್ತಂಗಡಿಯಲ್ಲಿ ಹಾಲು ಉಕ್ಕಿಸಿದ್ದು ನಾನು. ಚೆನ್ನಾಗಿ ಉಕ್ಕಿತು, ಹೋಟೆಲೂ ನನಗೇ ಆಯಿತು. ನೀನು ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದೆ, ಒಳಗೆ ಬರಲಿಲ್ಲ. ಮಾರನೆಯ ವಾರ ಹೋಟೆಲಿನ ಕೆಲಸವನ್ನೇ ಬಿಟ್ಟೆ. ನಿನಗೆ ಅಡಿಗೆ ಗೊತ್ತಿತ್ತು. ನಿನ್ನ ಸಾರು ನನ್ನ ಕಾಫಿಗಿಂತ ಒಂದು ಕೈ ಮೇಲೆ ಇತ್ತು, ಇದನ್ನೂ ಇವತ್ತೇ ಹೇಳುವುದು. ಮಾಣಿಯಲ್ಲಿ ಸೈಕಲ್ ರಿಪೇರಿಯ ಅಂಗಡಿ ಹಾಕಿದೆ ಎಂದು ಕೇಳಿದೆ. ಕೈಗುಣ ಬೇಡದ ಕೆಲಸ. ಪಂಕ್ಚರ್ ಹಾಕುವವನ ಕೈಗೆ ಯಾರೂ ಹೆಸರಿಡುವುದಿಲ್ಲ.

ಆರೇಳು ವರ್ಷ ಆದ ಮೇಲೆ ಒಂದು ದಿನ ನೀನು ನನ್ನ ಬೆಳ್ತಂಗಡಿಯ ಹೋಟೆಲಿಗೆ ಬಂದೆ. ಉಗುರಿನ ಸಂದಿಯೆಲ್ಲ ಗ್ರೀಸಿನ ಕಪ್ಪು. ಮದುವೆ ಆಗಿದೆ ಎಂದೆ, ಒಂದು ಹೆಣ್ಣು ಮಗು ಎಂದೆ. ಕಾಫಿ ಕುಡಿದು ಲೋಟವನ್ನು ಕವುಚಿಟ್ಟು, ಮೆಲ್ಲ ಕೇಳಿದೆ.

“ಐತಪ್ಪಣ್ಣ, ನೀವು ಅವತ್ತು ಒಟ್ಟಿಗೆ ಇದ್ದಿರಿ. ನಾನು ಎಲ್ಲಿ ತಪ್ಪಿದೆ? ಮರಳು ಬೇರೆ ಕಡೆಯದ್ದು ಆಯ್ತಾ? ನೀರು ಹೆಚ್ಚು ಬದಲಿಸಿದೆನಾ? ಕೈಯಲ್ಲಿ ಸೋಪು ಉಳಿದಿತ್ತಾ? ನಾನು ಈಗಲೂ ಯೋಚನೆ ಮಾಡ್ತೇನೆ.”

ಎಲ್ಲ ಕೇಳಿದೆ. ಹಂಡೆಯನ್ನು ಮಾತ್ರ ಕೇಳಲಿಲ್ಲ. ಹಂಡೆಗೆ ಲೀಲಕ್ಕ ಕುಂಕುಮ ಇಟ್ಟಿದ್ದರಲ್ಲ, ಅದನ್ನು ನೀನು ಹೇಗೆ ಸಂಶಯ ಪಡುವುದು?

ಒಂದೇ ಮಾತು ಸಾಕಿತ್ತು. ಹೋಟೆಲು ತುಂಬಿತ್ತು, ಎಲ್ಲರೂ ನಮ್ಮನ್ನು ನೋಡುತ್ತಿದ್ದರು. ನಾನು, “ಎಲ್ಲಿ, ಕೈ ತೋರಿಸು ನೋಡುವ” ಎಂದೆ. ನೀನು ವೈದ್ಯರಿಗೆ ತೋರಿಸುವ ಹಾಗೆ ಅಂಗೈ ಚಾಚಿದೆ.

“ಏ ಏ ಏ! ಆ ಕಡೆ ಹಿಡಿ ಮಾರಾಯ! ಒಲೆಯ ಮೇಲೆ ನನ್ನ ಹಾಲು ಉಂಟು!”

ಬೆಂಚುಗಳು ನಕ್ಕವು. ನೀನೂ ನಗಲಿಕ್ಕೆ ನೋಡಿದೆ. ಆಮೇಲೆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. ಕಾಫಿಯ ದುಡ್ಡು ಇಟ್ಟು ಹೋಗುವಾಗಲೂ ಎಡಗೈಯಲ್ಲಿ ಇಟ್ಟು, “ತಪ್ಪು ತಿಳಿಯಬೇಡಿ” ಎಂದೆ. ಮೀನು ಕೊಂದದ್ದು ಹೊಟ್ಟೆಕಿಚ್ಚಿಗೆ. ಇದು ಯಾತಕ್ಕೆ? ಹೋಟೆಲು ನನ್ನ ಕೈಯಲ್ಲಿತ್ತು, ನಿನ್ನಿಂದ ಕಸಿಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಚೆನ್ನಾಗಿಲ್ಲ. ಜನ ನಗುತ್ತಾರೆ ಎಂದು. ಅಷ್ಟೇ.

ಮೊನ್ನೆ ಮಾಣಿಗೆ ನನ್ನನ್ನೂ ಕರೆದಿದ್ದೆ. ಹಳೆಯ ಪರಿಚಯ, ಹಿರಿಯ ಮನುಷ್ಯ ಎಂದು. ಹೊಸ ಒಲೆ, ಹೊಸ ಪಾತ್ರೆ, ಹಾಲು ಸುರಿದಾಗಿತ್ತು. ನಿನ್ನ ಮಗಳು, “ಅಪ್ಪಾ, ನೀವೇ ಉಕ್ಕಿಸಿ, ಬನ್ನಿ” ಎಂದಳು. ನೀನು ಎರಡು ಹೆಜ್ಜೆ ಹಿಂದೆ ಸರಿದು ಕೈ ಬೆನ್ನಿಗೆ ಕಟ್ಟಿಕೊಂಡೆ.

“ನನ್ನ ಕೈ ಬೇಡ ಮಗಾ. ಐತಪ್ಪಣ್ಣ ಇದ್ದಾರಲ್ಲ. ಅವರ ಕೈಗುಣ ಒಳ್ಳೆಯದು.”

ಸ್ವಂತ ಮಗಳ ಮನೆ. ನೀನು ಕುಶಾಲು ಮಾಡುತ್ತಿದ್ದೀಯೋ ಎಂದು ಒಂದು ಕ್ಷಣ ನಿನ್ನ ಮುಖ ನೋಡಿದೆ. ನಿನಗೆ ಅದು ಬರುವುದಿಲ್ಲವಲ್ಲ. ನಿಜವಾಗಿಯೇ ಹೇಳಿದ್ದೆ. ಮತ್ತೆ ನಾನು ಏನು ಮಾಡಿದೆ? ಅಲ್ಲಿಯೇ ಹೇಳಿದೆನಾ? ಇಲ್ಲ. ಬೈರಾಸು ಹೆಗಲಿಗೆ ಹಾಕಿಕೊಂಡು ಹೋಗಿ ಉಕ್ಕಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಯಸ ಎರಡು ಸಲ ಬಡಿಸಿದರು. ತಿಂದೆ. ಮನೆಗೆ ಬಂದ ಮೇಲೆ ಕೈ ಎಷ್ಟು ತೊಳೆದರೂ ಹಾಲಿನ ವಾಸನೆ ಹೋಗಲಿಲ್ಲ.

ನಿನ್ನೆ ನಿನ್ನ ಮೊಮ್ಮಗ ಬಂದಿದ್ದ. ಕಲ್ಲಡ್ಕದಲ್ಲಿ ಅವನ ಹೋಟೆಲು ತೆರೆಯುವುದಂತೆ. “ಹಾಲು ನೀವೇ ಉಕ್ಕಿಸಬೇಕು ಅಂತ ಅಜ್ಜ ಹೇಳಿ ಕಳಿಸಿದ್ದಾರೆ” ಎಂದ. ನೋಡಲಿಕ್ಕೆ ನಿನ್ನ ಹಾಗೆಯೇ ಇದ್ದಾನೆ, ಉಗುರು ಕತ್ತರಿಸಿದ್ದಾನೆ. ಆದರೆ ಅವ ನನ್ನ ಕುಶಾಲಿಗೆ ನಗುತ್ತಾನೆ. ಅದೂ ನನಗೆ ಆಗಲಿಲ್ಲ.

ನಾನು ಹೇಳಿದರೆ ನೀನು ನಂಬುವುದಿಲ್ಲ ಎಂದು ಗೊತ್ತು. ಜೀವಮಾನ ಇಡೀ ಸುಳ್ಳು ಹೇಳಿ ನಗಿಸಿದವನು ನಾನು. ಹುಳಿ ಹಾಕಿ ತಿಕ್ಕಿದ ಒಂದು ತಾಮ್ರದ ಚೆಂಬು, ಒಂದು ಮಡಕೆ, ಎರಡು ಮೀನು, ಪರೀಕ್ಷೆ ಮಾಡಿ ನೋಡು ಎನ್ನುವ ಎಂದುಕೊಂಡೆ. ನೀನು ಮಾಡುವುದಿಲ್ಲ. ಒಂದು ಮೀನು ಸುಮ್ಮನೆ ಸಾಯುತ್ತದಲ್ಲ ಎನ್ನುತ್ತೀ. ನಿನ್ನನ್ನು ಕಂಡರೆ ಆಗದೆ ಇರುವುದು ಇದಕ್ಕೇ.

ಆದ್ದರಿಂದ ಕಲ್ಲಡ್ಕಕ್ಕೆ ಬರುತ್ತೇನೆ. ಒಲೆ ಹೊತ್ತಿಸಿದ ಮೇಲೆ, ಹಾಲು ಸುರಿದ ಮೇಲೆ, ಕರೆದವರೆಲ್ಲ ಸೇರಿದ ಮೇಲೆ, ಈ ಕಾಗದದಲ್ಲಿ ಬರೆದದ್ದನ್ನು ಬಾಯಿ ಬಿಟ್ಟು ಹೇಳುತ್ತೇನೆ. ಹಂಡೆ, ಹುಳಿ, ಸೌದೆಯ ತುಂಡು, ಕೊಡಪಾನ, ಯಮನ ಕೈ — ಒಂದೂ ಬಿಡುವುದಿಲ್ಲ. ಯಾರಾದರೂ ನಕ್ಕರೆ ಮತ್ತೆ ಮೊದಲಿನಿಂದ ಹೇಳುತ್ತೇನೆ. ಆಮೇಲೆ ಹೊರಗೆ ಹೋಗಿ, ಗಿರಾಕಿಗಳು ಕೈ ತೊಳೆಯುವ ನಳ್ಳಿಯ ಹತ್ತಿರ ನಿಲ್ಲುತ್ತೇನೆ. ಬೈಯಬೇಕಾದರೆ ಅಲ್ಲಿಗೆ ಬಂದು ಬೈ. ಕ್ಷಮಿಸಿದೆ ಎಂದು ಹೇಳಲಿಕ್ಕೆ ಮಾತ್ರ ಬರಬೇಡ. ನಾನು ಕೇಳಿಲ್ಲ.

ಒಳಗೆ ಕರೆದರೂ ನಾನು ಬರುವುದಿಲ್ಲ. ಹಾಲು ಉಕ್ಕಿಸಬೇಕಾದದ್ದು ನಿನ್ನ ಕೈ. ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ನಳ್ಳಿಯವರೆಗೆ ಬರುತ್ತದೆ, ಅಷ್ಟು ಹೋಟೆಲಿನ ಲೆಕ್ಕ ನನಗೆ ಗೊತ್ತುಂಟು. ಅದು ಬಂದ ಮೇಲೆ ನಾನು ಬಸ್ಸು ಹತ್ತುತ್ತೇನೆ. ಬಾರದಿದ್ದರೆ — ನಿಂತೇ ಇರುತ್ತೇನೆ.